ಕಮ್ಮನಹಳ್ಳಿಯ ಗಿಟಾರ್ ಮೇಷ್ಟ್ರು

ತೊಂಬತ್ತರ ದಶಕದ ಆರಂಭದಲ್ಲಿ ನಾನು ದಾವಣಗೆರೆಯಿಂದ ಬಂದು ಶಿವಾಜಿನಗರದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಹಲಸೂರಿನ ಪಕ್ಕದ ಮರ್ಫಿ ಟೌನ್‌ನಲ್ಲಿ ಒಂದು ಕೋಣೆ ಹಿಡಿದಿದ್ದೆ. ಭಾನುವಾರ ಬಂತೆಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮಾತೂ ಆಡದ ದಿನಗಳಿರುತ್ತಿದ್ದವು. ಅಂಥ ಒಂದು ಭಾನುವಾರ ಸುಮ್ಮನೆ ನಡೆಯುತ್ತ ಹೋಗಿ, ಸದ್ದು ಕೇಳಿಸಿತೆಂದು ಒಂದು ಶಾಲೆಯ ಮೈದಾನದೊಳಗೆ ಹೊಕ್ಕೆ. ಲಿಂಗರಾಜಪುರದ ಹುಡುಗರ ರಾಕ್ ತಂಡವಂತೆ. ಅವರು ಹಾಡುತ್ತಿದ್ದ ಇಂಗ್ಲಿಷ್ ನನ್ನ ತಲೆಗೆ ಹತ್ತಲಿಲ್ಲ. ಆದರೆ ಗಿಟಾರ್ ಹಿಡಿದಿದ್ದ ತೆಳ್ಳನೆಯವನು ಒಂದೇ ಸ್ವರವನ್ನು ಎಳೆದೆಳೆದು ನುಡಿಸಿದಾಗ ನನಗೆ ಅಳು ಬಂತು. ಮುಂದೆ ಕೂತವರಲ್ಲಿ ಯಾರೋ ಜೋರಾಗಿ ನಕ್ಕರು. ಅವನು ಅಲ್ಲಿಗೇ ನಿಲ್ಲಿಸಿ, ವೈರು ಕಿತ್ತು, ಇಳಿದು ಹೋದ.

ಆಮೇಲೆ ಅವನು ಎಲ್ಲಿ ನುಡಿಸಿದರೂ ಹೋದೆ. ಡ್ರಮ್ಸ್ ಬಾರಿಸುವವನನ್ನು ವೇದಿಕೆಯ ಮೇಲೇ ಬೈದ. ಕ್ಯಾಸೆಟ್ ಮಾಡುತ್ತೇವೆಂದು ಬಂದವರ ಜೊತೆ ಜಗಳವಾಡಿದ. ಜೊತೆಯವರು ಒಬ್ಬೊಬ್ಬರಾಗಿ ಬಿಟ್ಟರು, ಕೇಳಲು ಬರುವವರೂ ಬಿಟ್ಟರು. ನಾನು ಬಿಡಲಿಲ್ಲ. ಕಚೇರಿಯ ಗೆಳತಿಯನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. "ಇದೇನೇ ಇಷ್ಟ್ ಗಲಾಟೆ!" ಎಂದು ಕಿವಿ ಮುಚ್ಚಿಕೊಂಡಳು. ಮತ್ತೆ ಯಾರನ್ನೂ ಕರೆಯಲಿಲ್ಲ.

ತಂಡ ಮುರಿದ ಮೇಲೆ ಅವನು ಕಮ್ಮನಹಳ್ಳಿಯಲ್ಲಿ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಪಾಠ ಹೇಳಿಕೊಡುತ್ತಾನೆಂದು ತಿಳಿಯಿತು. ಸೇರಿಕೊಂಡೆ. ಕಚೇರಿ ಮುಗಿಸಿ ವಾರಕ್ಕೆರಡು ಸಂಜೆ. ಬೆರಳ ತುದಿ ಗಟ್ಟಿಯಾಯಿತೇ ಹೊರತು ವಿದ್ಯೆ ಬರಲಿಲ್ಲ. ಆದರೆ ತಪ್ಪು ತಿದ್ದಲು ಅವನು ನನ್ನ ಗಿಟಾರ್ ಇಸಿದುಕೊಂಡು ನಾಲ್ಕು ನಿಮಿಷ ನುಡಿಸುತ್ತಿದ್ದ. ಆ ನಾಲ್ಕು ನಿಮಿಷಕ್ಕಾಗಿ ನಾನು ಬೇಕೆಂದೇ ತಪ್ಪುತ್ತಿದ್ದೆ.

ಒಂದು ದಿನ ಅವನು ಗಿಟಾರ್ ಮುಟ್ಟಲಿಲ್ಲ.

"ಮೇಡಂ, ನೀವು ಕಲಿಯೋಕೆ ಬರ್ತಿಲ್ಲ. ಕೇಳೋಕೆ ಬರ್ತಿದೀರ."

"ಹೌದು," ಎಂದೆ.

"ನಾನೀಗ ಕೇಳೋರಿಗೋಸ್ಕರ ನುಡ್ಸಲ್ಲ. ಇನ್ಮೇಲೆ ಬರ್ಬೇಡಿ."

ಕೋಪದಿಂದ ಹೇಳಲಿಲ್ಲ, ದಣಿದವನ ಹಾಗೆ ಹೇಳಿದ. ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದೆ. ಹಲಸೂರಿನವರೆಗೂ ನಡೆದೇ ಬಂದೆ. ಆ ಗಿಟಾರನ್ನು ಮತ್ತೆ ಮುಟ್ಟಲಿಲ್ಲ.

ಎಷ್ಟೋ ವರ್ಷಗಳ ನಂತರ, ಇಂದಿರಾನಗರದ ಒಂದು ಹೋಟೆಲಿನಲ್ಲಿ ಅವನು ಶನಿವಾರ ಸಂಜೆ ಗಿಟಾರ್ ಹಿಡಿದು ಹಾಡುತ್ತಾನೆಂದು ಕೇಳಿ ಹೋದೆ. ಕೂದಲು ನರೆತಿತ್ತು. ಬೇರೆಯವರ ಹಾಡುಗಳು. ಜನ ತಟ್ಟೆ ಸದ್ದು ಮಾಡುತ್ತ, ಫೋನಿನಲ್ಲಿ ಮಾತಾಡುತ್ತ ಉಣ್ಣುತ್ತಿದ್ದರು. ಅವನು ಯಾರನ್ನೂ ನೋಡದೆ ಒಂದಾದ ಮೇಲೊಂದು ಹಾಡಿದ. ಯಾರಾದರೂ ಅವನನ್ನು ರೇಗಿಸಲಿ ಎಂದು ನಾನು ಕಾಯುತ್ತಿದ್ದೆ.

ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಕಮ್ಮನಹಳ್ಳಿ ಕ್ಲಾಸಿಗೆ ಬರ್ತಿದ್ರಿ ಅಲ್ವಾ?"

"ಹೂಂ."

"ಒಬ್ರೇ ಬಂದಿದೀರಾ?"

"ಯಾವಾಗ್ಲೂ ಒಬ್ಳೇ."

ಎದುರಿನ ಕುರ್ಚಿ ಎಳೆದು ಕೂತ. ನನ್ನ ಲೋಟದ ನೀರನ್ನೇ ಎತ್ತಿ ಕುಡಿದ. "ಅವತ್ತು ಹಂಗ್ ಹೇಳ್ಬಾರ್ದಿತ್ತು," ಎಂದ. ಅಷ್ಟರಲ್ಲಿ ಮ್ಯಾನೇಜರ್ ಕೈಸನ್ನೆ ಮಾಡಿದರು, ಎದ್ದು ಹೋದ.

ಮುಂದಿನ ಶನಿವಾರ ಹೋದಾಗ ಅಲ್ಲಿ ಬೇರೆ ಯಾರೋ ಹಾಡುತ್ತಿದ್ದರು. "ಅವ್ರು ಬಿಟ್ಬಿಟ್ರು ಮೇಡಂ. ಎಲ್ಲಿದಾರೋ ಗೊತ್ತಿಲ್ಲ," ಎಂದರು ಮ್ಯಾನೇಜರ್. ಲಿಂಗರಾಜಪುರದಲ್ಲಿ ಅವನ ಮನೆ ಯಾವುದೆಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಆರ್ಡರ್ ತೆಗೆದುಕೊಳ್ಳಲು ಬಂದವರಿಗೆ ಕಾಫಿ ಹೇಳಿ, ಆ ಹೊಸಬನ ಹಾಡನ್ನು ಕೊನೆಯವರೆಗೂ ಕೂತು ಕೇಳಿದೆ.