ಟರ್ಬೈನಿಗೆ ಬಿದ್ದ ಕುಂಕುಮ

ಹಳೆಯ ಸಿಡಿಗಳನ್ನು ತೆಳು ವಾಷರ್‌ಗಳ ಅಂತರದಲ್ಲಿ ಜೋಡಿಸಿ, ಡಬ್ಬಿಯೊಳಗಿಟ್ಟು, ರೆಕ್ಕೆಯೇ ಇಲ್ಲದ ಟರ್ಬೈನ್ ಮಾಡಿದ್ದೆ. ತಿರುಗಿಸಿ ನೋಡಲು ಚನ್ನರಾಯಪಟ್ಟಣದ ಪಂಕ್ಚರ್ ಅಂಗಡಿಯ ಕಂಪ್ರೆಸರೇ ಬೇಕಿತ್ತು.

"ರೆಕ್ಕೆನೇ ಇಲ್ದೆ ಎಂಗ್ ತಿರುಗ್ತದೆ ಸಾ?" ಎಂದ ಅಂಗಡಿಯವನು.

ಗಾಳಿ ಅಂಚಿನಿಂದ ನುಗ್ಗಿ, ಸಿಡಿಗಳನ್ನು ಎಳೆದುಕೊಂಡು ಸುತ್ತುತ್ತಾ ನಡುವಿನ ತೂತುಗಳಿಂದ ಹೊರಬೀಳುತ್ತದೆ ಎಂದೆ. ನಂಬಲಿಲ್ಲ. ಆದರೆ ಹೊಸ ಮಿಷನ್ನನ್ನು ಪೂಜೆಯಿಲ್ಲದೆ ಶುರು ಮಾಡುವವನೂ ಅಲ್ಲ. ನಾನು ತಡೆಯುವಷ್ಟರಲ್ಲಿ ಗಾಳಿ ಹೋಗುವ ಬಾಯಿಗೇ ಕುಂಕುಮ ಸುರಿದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಗಾಳಿ ಬಿಟ್ಟ. ಟರ್ಬೈನ್ ಸಿಳ್ಳೆ ಹಾಕುತ್ತಾ ತಿರುಗಿತು, ನನ್ನ ಅಂಗಿಗೆಲ್ಲ ಕುಂಕುಮ ಚಿಮ್ಮಿತು. ಬಿಚ್ಚಿ ನೋಡಿದರೆ ಸಿಡಿಗಳ ಮೇಲೆ ಅಂಚಿನಿಂದ ನಡುವಿನವರೆಗೆ ಕೆಂಪು ಸುರುಳಿ. ಕುಣಿಯುವಂತಾಯಿತು, ಗಾಳಿಯ ದಾರಿಯನ್ನು ನಾನೂ ಕಣ್ಣಾರೆ ಕಂಡದ್ದು ಅದೇ ಮೊದಲು.

"ದಿಟ ಕಣ್ ಸಾ," ಎಂದ ಅವನು.

ಮುಂದಿನ ಟರ್ಬೈನ್ ಒಯ್ದಾಗ ಕುಂಕುಮದ ಪೊಟ್ಟಣ ನನ್ನ ಜೇಬಿನಲ್ಲೇ ಇತ್ತು.