ಮಾತಿಲ್ಲದ ಧಾಟಿಗೆ ಅಣ್ಣಿಗೇರಿಯ ಪದ

ಮೊನ್ನೆ ದುಮ್ಮವಾಡದಲ್ಲಿ ನನ್ನ ಅಕ್ಕ ಶಾಂತಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಹಸಿಕಡಲೆ ಬಿಡಿಸುತ್ತಿದ್ದೆ. ಅವಳ ಮೊಮ್ಮಗಳ ಮೊಬೈಲಿನಿಂದ ತಂತಿವಾದ್ಯದ ಒಂದು ಧಾಟಿ ಎದ್ದಿತು. ನನ್ನ ಕೈ ಅಲ್ಲೇ ನಿಂತಿತು. ಹಳೆಯ ಸಿನಿಮಾವೊಂದರ ಹಿನ್ನೆಲೆ ಸಂಗೀತ ಅದು. ಪೋರ್ಚುಗೀಸರು ತಲೆತಲಾಂತರದಿಂದ ಹಾಡಿಕೊಂಡು ಬಂದ ಅಗಲಿಕೆಯ ಹಾಡುಗಳಿಂದ ಹುಟ್ಟಿದ್ದಂತೆ. ಮೊಬೈಲಿನಲ್ಲಿ ಬರೆದದ್ದನ್ನು ಹುಡುಗಿ ಓದಿ ಹೇಳಿದಳು. ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಅದನ್ನು ನಮ್ಮ ಅಣ್ಣಿಗೇರಿಯ ಹಾಡೆಂದು ಕಂಡಕಂಡವರ ಮುಂದೆ ಕೊಚ್ಚಿಕೊಂಡವನು ನಾನು.

ನೀವೇ ಕೇಳಿ, ತಪ್ಪು ನನ್ನದೋ ಅಲ್ಲವೋ ಆಮೇಲೆ ಹೇಳಿ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಊರ ಹೊರಗೆ ಟೆಂಟ್ ಟಾಕೀಸು ಬಂದಿತ್ತು. ಇದೇ ಧಾಟಿಯ ಸಿನಿಮಾ, ಗೋವಾದ ಕಡಲತೀರದ ಕಥೆ. ಗಂಡ ದೋಣಿ ಹತ್ತಿ ಹೋಗುತ್ತಾನೆ, ಹೆಂಡತಿ ದಾರಿ ಕಾಯುತ್ತಾಳೆ, ಹೆಚ್ಚುಕಡಿಮೆ ಅಷ್ಟೇ. ಹೊಡೆದಾಟವಿಲ್ಲವೆಂದು ಗಂಡಸರು ಬೀಡಿ ಸೇದಲು ಎದ್ದುಹೋದರು. ಹೆಂಗಸರು ಕದಲಲಿಲ್ಲ. ಅವರ ನಡುವೆ ನಮ್ಮ ನೀಲವ್ವ ಅತ್ತೆಯಿದ್ದಳು, ಅಪ್ಪನ ತಂಗಿ. ಅವಳ ಗಂಡ ಬಸಪ್ಪ ಮಾವ ಗೋವಾದ ಬಂದರಿಗೆ ದುಡಿಯಲು ಹೋದವನು ಎರಡು ವರ್ಷದಿಂದ ಊರಿನ ಕಡೆ ಮುಖ ಹಾಕಿರಲಿಲ್ಲ. ಓಣಿಯಲ್ಲಿ ಮದುವೆಯಾದರೆ ಮೊದಲ ಹಾಡು ಅತ್ತೆಯದೇ. ಅಂಥ ದನಿ.

ಮನೆಗೆ ಬರುವಾಗ ಅವಳೆಂದಳು, “ಧಾಟಿ ಅಗದಿ ಚಲೋ ಐತಿ. ಪದಾನ ಹಾಕಿಲ್ಲಲ್ಲೋ. ಪಾಪ, ಪುರಸತ್ತ ಸಿಕ್ಕಿಲ್ಲೇನ ಅವರಿಗೆ.”

ನಾನಾಗ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಊರಿನವರಿಗೆ ತಿಳಿವಳಿಕೆ ಹೇಳುವ ಗುತ್ತಿಗೆ ನನ್ನದೇ ಎಂದುಕೊಂಡಿದ್ದೆ. “ಅತ್ತಿ, ಅದು ಹಿನ್ನೆಲಿ ಸಂಗೀತ. ಅದಕ್ಕ ಪದ ಇರಂಗಿಲ್ಲ.”

“ಇರಂಗಿಲ್ಲ ಅಂದ್ರ? ಅಷ್ಟ ಅಳೂದು ಯಾರ ಸಲುವಾಗಿ ಅಂತ ತಿಳೀಬ್ಯಾಡೇನು?”

ಟೆಂಟು ಎತ್ತುವವರೆಗೂ ಅವಳು ಹೋಗಿ ಹೋಗಿ ಧಾಟಿಯನ್ನು ಬಾಯಿಗೆ ತಂದುಕೊಂಡಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಪದ ಕೂಡಿಸಿದಳು.

ಶಾಂತಕ್ಕನ ಮದುವೆ ಆಯಿತು. ಹೆಣ್ಣು ಕಳಿಸುವ ಹೊತ್ತಿಗೆ ನಮ್ಮ ದೊಡ್ಡವ್ವ, ಮನೆಗೆಲ್ಲ ಹಿರಿಯಳು, ಅಡ್ಡ ಬಂದಳು. “ಗಂಡ ಎಲ್ಲಿದ್ದಾನೋ ಗೊತ್ತಿಲ್ಲದಾಕಿ ಹೆಣ್ಣ ಕಳಿಸೂ ಹಾಡ ಹಾಡೂದು ಬ್ಯಾಡ. ಶುಭಾ ಅಲ್ಲ.” ಅಪ್ಪ ನೆಲ ನೋಡಿದ. ಅತ್ತೆ ಅಡುಗೆಮನೆಗೆ ಹೋದಳು. ಅಂದು ಅವಳು ಹಾಡದೆ ಉಳಿದಿದ್ದರೆ ಮುಂದೆ ಯಾವ ಚಪ್ಪರದಲ್ಲೂ ಅವಳನ್ನು ಹಾಡಲು ಬಿಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಬೀಗರ ಟ್ರ್ಯಾಕ್ಟರ್ ಬಾಗಿಲಿಗೆ ಬಂತು. ಬಾಸಿಂಗ ಕಟ್ಟಿಕೊಂಡ ಶಾಂತಕ್ಕ ಟ್ರಾಲಿಯ ಬಾಜು ನಿಂತವಳು ನಿಂತೇಬಿಟ್ಟಳು.

“ನೀಲವ್ವತ್ತಿ ಹಾಡೂತನಕ ನಾ ಹತ್ತಂಗಿಲ್ಲ.”

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅತ್ತೆ ಹೊರಗೆ ಬಂದಳು. ಅದೇ ಧಾಟಿ ಎತ್ತಿದಳು.

ದೂರ ಹೋದವರ ದಾರಿ ಕಾಯತಾವ ತೆನಿ
ಎರಿಹೊಲದ ಜ್ವಾಳ ತಲಿತೂಗಿ, ಕೇಳತಾವ
ಹ್ವಾದವರು ಯಾವಾಗ ಬರತಾರ

ಡ್ರೈವರ್ ಇಂಜಿನ್ ಆರಿಸಿದ. ಮದುಮಗನ ತಾಯಿ ಇಳಿದು ಬಂದು ಅತ್ತೆಯ ಕೈ ಹಿಡಿದಳು. “ಇನ್ನೊಮ್ಮೆ ಅನ್ನವ್ವಾ. ನಾನೂ ಮಗಳನ್ನ ಕಳಿಸಿದಾಕಿ.” ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ ಹತ್ತಿತೆಂದು ಟ್ರ್ಯಾಕ್ಟರಿಗೆ ಬೈದಳು. ನನಗಂತೂ ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ. ಮುಂದೆ ನವಲಗುಂದ, ಕುಂದಗೋಳದ ಮದುವೆಗಳಿಗೂ ಅವಳನ್ನು ಗಾಡಿ ಕಳಿಸಿ ಕರೆಸಿಕೊಂಡರು.

ದೀಪಾವಳಿಗೆ ಬಸಪ್ಪ ಮಾವ ಬಂದ. ಒಲೆಯ ಮುಂದೆ ಅವಳ ಹಾಡು ಕೇಳಿ ತುತ್ತು ಕೈಯಲ್ಲೇ ಹಿಡಿದು ಕೂತ. “ಇಂಥಾದ್ದ ನಾ ಬಂದರದಾಗ ಕೇಳೇನಿ. ಅಲ್ಲೆ ಒಬ್ಬ ಮುದುಕ ಸಂಜಿಮುಂದ ಬಾರಿಸ್ತಾನ.”

ಅತ್ತೆ ರೊಟ್ಟಿಯಿಂದ ಕಣ್ಣೆತ್ತಲಿಲ್ಲ. “ಹೌದನು? ನಮ್ಮ ಹಾಡು ಅಲ್ಲಿತನಕ ಹೋಗಿತ್ತಂದಂಗಾತು. ನಿಮ್ಮನ್ನ ಕರೀಲಿಕ್ಕೆ ಹೋಗಿರಬೇಕು.”

ಮಾವ ಊಟ ಮುಗಿಸಿದ. ಆಮೇಲೆ ವರ್ಷಕ್ಕೆರಡು ಸಲ ಬರತೊಡಗಿದ. ಹಾಡಿನಿಂದ ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳುವುದಿಲ್ಲ.

ಅತ್ತೆ ಈಗಿಲ್ಲ. ಮೊನ್ನೆ ಮೊಬೈಲಿನ ಧಾಟಿ ಕೇಳಿ ಶಾಂತಕ್ಕ ಮೊರವನ್ನು ಬದಿಗಿಟ್ಟಳು. ವಾದ್ಯದ ಜೊತೆ ಅತ್ತೆಯ ಪದ ಎತ್ತಿದಳು. ವಾದ್ಯ ಉಸಿರು ತೆಗೆದುಕೊಂಡಲ್ಲೇ ಇವಳೂ ತೆಗೆದುಕೊಂಡಳು. ಮೊಮ್ಮಗಳು ಬಾಯಿ ತೆರೆದು ನೋಡುತ್ತಿದ್ದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಅಷ್ಟು ದೂರದಿಂದ ಬಂದ ಧಾಟಿ, ತನಗೆ ಬೇಕಾದ ಪದಕ್ಕೆ ನಮ್ಮ ಮನೆಯ ಒಲೆಯ ತನಕ ಬರಬೇಕಾಯಿತು. ಧಾಟಿ ನಮ್ಮದೇ ಆಗಿದ್ದರೆ ನನಗೆ ಇಷ್ಟು ಹೆಮ್ಮೆ ಇರುತ್ತಿರಲಿಲ್ಲ.

“ಅದರ ಕೆಳಗ ಏನರ ಬರೀಲಿಕ್ಕೆ ಬರತೈತೇನು?” ಎಂದು ಮೊಮ್ಮಗಳನ್ನು ಕೇಳಿದೆ.

“ಬರತೈತಿ ಅಜ್ಜಾ. ಏನ ಬರೀಲಿ?”

“ಧಾಟಿ ನಿಮ್ಮದು, ಪದ ಅಣ್ಣಿಗೇರಿ ನೀಲವ್ವನವು ಅಂತ ಬರೀ.”

ಶಾಂತಕ್ಕ ಮೊರವನ್ನು ಮತ್ತೆ ತೊಡೆಯ ಮೇಲೆಳೆದುಕೊಂಡಳು. “ಕೇಳೂದಿದ್ರ ಲಗೂನ ಬರ್ರಿ ಅಂತನೂ ಬರಿಯವಾ. ನಾ ಇರೂತನಕ ಹಾಡತೀನಿ.”