ಅತ್ತಿ ತರಿಸಿದ ವಿಲಾಯತಿ ಕ್ಯಾಮೆರಾ

ಪಿಂಚಣಿ ಕಾಗದಕ್ಕೆ ಅಂಟಿಸಲು ಫೋಟೊ ಬೇಕೆಂದು ಹೋದ ತಿಂಗಳು ಮಗ ನನ್ನನ್ನು ಸಿಂಧನೂರಿನ ಒಂದು ಸ್ಟುಡಿಯೋಕ್ಕೆ ಕರೆದೊಯ್ದಿದ್ದ. ಸ್ಟುಡಿಯೋದವರು ಒಳಕೋಣೆಯ ಕರಿ ಪರದೆ ಸರಿಸಿ ಹೊರಗೆ ಬಂದಾಗ ಅವರ ಬೆನ್ನಿಗೇ ಒಂದು ಹುಳಿಹುಳಿ ವಾಸನೆ ಬಂತು. ಫೋಟೊ ತೊಳೆಯುವ ಔಷಧದ ವಾಸನೆ. ಅದು ಮೂಗಿಗೆ ತಾಕಿದ್ದೇ ತಡ, ಮಗ, ನಾನು ಕೂತಿದ್ದ ಸ್ಟೂಲು, ಹೊರಗಿನ ಟ್ರ್ಯಾಕ್ಟರುಗಳ ಸದ್ದು ಎಲ್ಲ ಹಿಂದೆ ಸರಿದು ಲಿಂಗಸುಗೂರಿನ ಆ ಸಣ್ಣ ಮನೆ ಕಣ್ಣ ಮುಂದೆ ನಿಂತಿತು. ಜೋಳದ ಚೀಲಗಳ ಕೋಣೆಯ ಕತ್ತಲಲ್ಲಿ ಸೆರಗು ಸೊಂಟಕ್ಕೆ ಸಿಗಿಸಿ ನಿಂತ ಅತ್ತಿ...

ಅತ್ತಿ ನಮ್ಮಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ತವರಿನಲ್ಲಿ ಕೂತು ಉಣ್ಣುವುದು ಬೇಡವೆಂದು ಹೈದರಾಬಾದಿಗೆ ಹೋಗಿ ಹೆರಿಗೆ ಮಾಡಿಸುವುದನ್ನು ಕಲಿತು ಬಂದಿದ್ದಳು. ನಿಜಾಮರ ಕಾಲ ಅದು. ಲಿಂಗಸುಗೂರಿನ ಸರಕಾರಿ ದವಾಖಾನೆಯಲ್ಲಿ ಅವಳಿಗೆ ನೌಕರಿ. ಊರವರಿಗೆಲ್ಲ ಅವಳು ನರ್ಸವ್ವ. ದೇಸಾಯರ ವಾಡೆಯಿಂದ ಹಿಡಿದು ಅಧಿಕಾರಿಗಳ ಜನಾನಾದವರೆಗೆ ಅವಳು ಕಾಲಿಡದ ಮನೆಯಿರಲಿಲ್ಲ. ಮಾತು ಕಡಿಮೆ. ಸಿಟ್ಟು ಬಂದರೆ ಇನ್ನೂ ಕಡಿಮೆ.

ನಾವಿದ್ದದ್ದು ಮಸ್ಕಿಯಲ್ಲಿ. ಅಪ್ಪನದು ಸಣ್ಣ ಬಟ್ಟೆ ಅಂಗಡಿ. ನನಗೆ ಸಿಂಧನೂರಿನಿಂದ ಒಂದು ಸಂಬಂಧ ಬಂತು. ವರ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಓದಿದವನಾದ್ದರಿಂದ ಮೊದಲು ಹುಡುಗಿಯ ಫೋಟೊ ಕಳಿಸಿರಿ ಎಂದ. ಆಗ ನಮ್ಮ ಆ ಮೂರೂ ಊರುಗಳಿಗೆ ಸೇರಿ ಫೋಟೊ ತೆಗೆಯುವವನು ಲಿಂಗಸುಗೂರಿನಲ್ಲಿ ಒಬ್ಬನೇ ಒಬ್ಬ. ಅತ್ತಿಯೇ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಅವಳ ಬಿಳಿ ಸೀರೆಯ ಬೆಳಕು ಚಿತ್ರಕ್ಕೆ ಹೊಡೆಯುತ್ತದೆ ಎಂದು ನೆಪ ಹೇಳಿ ಅವನು ಅವಳನ್ನು ಹೊರಗೆ ಕೂರಿಸಿದ. ಸೆರಗು ಹೊದ್ದ ಚಿತ್ರ ಒಂದು ತೆಗೆದ. ಆಮೇಲೆ ತಲೆಯ ಮೇಲಿನ ಸೆರಗು ಸರಿಸಲು ಹೇಳಿದ, ಜಡೆ ಬಿಚ್ಚಿ ಕೂದಲು ಮುಂದಕ್ಕೆ ಹರಡಿಕೋ ಎಂದ. ಫೋಟೊ ಅಂದರೆ ಹೀಗೇ ಇರುತ್ತದೇನೋ ಅಂದುಕೊಂಡು ಅವನು ಹೇಳಿದಂತೆ ನಿಂತೆ. ಮೊದಲನೆಯದನ್ನು ನಮಗೆ ಕೊಟ್ಟ. ಎರಡನೆಯದನ್ನು ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ, ಕುಣಿಯುವ ಹೆಂಗಸರ ಚಿತ್ರಗಳ ನಡುವೆ ಇಟ್ಟ.

ಕೋರ್ಟಿನ ಕೆಲಸಕ್ಕೆ ಲಿಂಗಸುಗೂರಿಗೆ ಬಂದಿದ್ದ ವರನ ಕಾಕಾ ಅದನ್ನು ನೋಡಿದರು. ಸಂಬಂಧ ಅಲ್ಲಿಗೇ ಮುರಿಯಿತು. ಆ ಚಿತ್ರದ ಪ್ರತಿಗಳನ್ನು ಅವನು ಮಾರಿದ್ದಾನೆಂದೂ ಕೇಳಿಬಂತು. ಮಸ್ಕಿಯ ಸಂತೆಯಲ್ಲಿ ಗಂಡಸರು ಅಪ್ಪನ ಅಂಗಡಿಯ ಮುಂದೆ ಹಾಯುವಾಗ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತಿದ್ದರು. ಅಪ್ಪ ನನ್ನೊಡನೆ ಮಾತು ಬಿಟ್ಟರು. ಕಣ್ಣ ಮುಂದೆ ಇರಬೇಡ ಎಂಬಂತೆ ಅತ್ತಿಯ ಮನೆಗೆ ಕಳಿಸಿದರು.

ನಾನು ಬಂದ ಮಾರನೆಯ ದಿನ ಅತ್ತಿ ನನ್ನನ್ನೂ ಕರೆದುಕೊಂಡು ಅವನ ಅಂಗಡಿಗೆ ಹೋದಳು. ಚಿತ್ರವನ್ನೂ ಪ್ರತಿ ತೆಗೆಯುವ ಅದರ ಗಾಜಿನ ಪ್ಲೇಟನ್ನೂ ಕೊಟ್ಟುಬಿಡು, ಬೆಲೆ ತಗೋ ಎಂದಳು. ಅವನು ಕುರ್ಚಿಯಿಂದ ಏಳಲೂ ಇಲ್ಲ.

"ಪ್ಲೇಟು ನಂದು, ಕಾಗದ ನಂದು ನರ್ಸವ್ವ. ಮಾರಿ ಅಷ್ಟ ನಿಮ್ಮದು. ಅದು ನಿಮ್ಮ ಬಾಜೂಕ ನಿಂತೈತಲ್ಲ, ಮನಿಗೆ ಕರಕೊಂಡು ಹೋಗ್ರಿ."

ಮುಖ ಮಾತ್ರ ನಮ್ಮದು ಎನ್ನಿಸಿಕೊಂಡು ಅತ್ತಿ ನನ್ನ ಕೈ ಹಿಡಿದು ಹೊರಗೆ ಬಂದಳು. ಫಿರ್ಯಾದು ಕೊಟ್ಟು ಉಪಯೋಗವಿರಲಿಲ್ಲ. ಕಚೇರಿಯ ದೊಡ್ಡವರ ಮನೆಯ ಮಕ್ಕಳ ಫೋಟೊ ಎಲ್ಲ ಅವನು ಪುಕ್ಕಟೆ ತೆಗೆದುಕೊಟ್ಟಿದ್ದ. ಮನೆಗೆ ಬಂದು ರೊಟ್ಟಿ ಬಡಿಯುತ್ತ ಕೂತವಳು ನನಗೋ ತನಗೋ ಎಂಬಂತೆ, "ಅಂವಗ ಕ್ಯಾಮೆರಾದ್ದೊಂದ ಸೊಕ್ಕು" ಎಂದಳು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ದವಾಖಾನೆಯ ಡಾಕ್ಟರ ಸಾಹೇಬರು ವಯಸ್ಸಾದವರು. ಪ್ರಾಯದಲ್ಲಿ ಫೋಟೊದ ಹುಚ್ಚು ಇದ್ದವರು. ಕ್ಯಾಮೆರಾ ಯಾವಾಗಲೋ ಹೋಗಿತ್ತು, ಲಂಡನ್ನಿನ ಒಂದು ಕಂಪನಿಯ ಬೆಲೆಪಟ್ಟಿ ಮಾತ್ರ ಈಗಲೂ ಅವರ ಹೆಸರಿಗೆ ಬರುತ್ತಿತ್ತು. ಅತ್ತಿ ಅದನ್ನು ಕೇಳಿ ತಂದಳು. ಇಂಗ್ರೇಜಿ ಓದಲು ಬಾರದಿದ್ದರೂ ಚಿತ್ರಗಳನ್ನು ತಿರುವಿ ತಿರುವಿ ನೋಡಿ ಒಂದು ಕ್ಯಾಮೆರಾಕ್ಕೆ ಗುರುತು ಹಾಕಿಟ್ಟಳು. ಮುಂದಿನ ಶುಕ್ರವಾರ ಸಾಹೇಬರೇ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಲೆಕ್ಕ ಬಿಡಿಸಿ ಹೇಳಿದರು. ಅದೇ ಕ್ಯಾಮೆರಾ ಮುಂಬಯಿಯ ಅಂಗಡಿಯಲ್ಲಿ ಕೊಂಡರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬೆಲೆ. ಕಿವಿಯ ಬೆಂಡೋಲೆ ಬಿಟ್ಟರೆ ಅತ್ತಿಯ ಹತ್ತಿರ ಇದ್ದದ್ದು ಮದುವೆಯಲ್ಲಿ ಇಟ್ಟ ಬಂಗಾರದ ಪಾಟ್ಲಿ ಬಳೆಗಳು, ಅಷ್ಟೇ. ಅವನ್ನು ಮಾರಿ ಮುಂಬಯಿಯದು ತಂದರೆ ಕ್ಯಾಮೆರಾ ಬರುತ್ತದೆ, ಒಳಗೆ ಹಾಕಲು ಪ್ಲೇಟಿಗೂ ಕಾಗದಕ್ಕೂ ಕಾಸು ಉಳಿಯುವುದಿಲ್ಲ. ಲಂಡನ್ನಿನಿಂದ ತರಿಸಿದರೆ ಒಂದು ವರ್ಷ ನಡೆಸುವಷ್ಟು ಸಾಮಾನು ಅದರಲ್ಲೇ ಕೂಡುತ್ತದೆ.

ಆದರೆ ದುಡ್ಡು ಮೊದಲು ಕಳಿಸಬೇಕು. ನಮ್ಮ ನಿಜಾಮರ ರೂಪಾಯಿ ಹಾಲಿ ಸಿಕ್ಕಾವನ್ನು ಇಂಗ್ರೇಜಿ ರೂಪಾಯಿ ಮಾಡಿಸುವಾಗ ಒಂದಿಷ್ಟು ಹೋಗುತ್ತದೆ. ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣ. ಯುರೋಪಿನಲ್ಲಿ ಲಡಾಯಿ ಹತ್ತುತ್ತದೆಂದು ಪತ್ರಿಕೆಗಳು ಬರೆಯುತ್ತಿವೆ. ಬಂದರೂ ರಾಯಚೂರಿನಲ್ಲಿ ಕರೋಡಗಿರಿಯವರು, ಅಂದರೆ ನಿಜಾಮರ ಸುಂಕದವರು, ಏನು ಬೆಲೆ ಕಟ್ಟುತ್ತಾರೋ. ಗಾಜು ಒಡೆದು ಬಂದರೆ ಯಾರನ್ನು ಕೇಳುವುದು? ಮುಂಬಯಿಯವರಾದರೆ ಬದಲಿ ಕೊಡುತ್ತಾರೆ. ಸಾಹೇಬರು ಇಷ್ಟೆಲ್ಲ ಹೇಳಿ, ನಾನಾಗಿದ್ದರೆ ಎರಡು ವರ್ಷ ಕಾದು ಮುಂಬಯಿಯಲ್ಲೇ ಕೊಳ್ಳುತ್ತಿದ್ದೆ ಎಂದರು.

ಮುಂಬಯಿಯ ಅಂಗಡಿಯವರ ಏಜೆಂಟ ಲಿಂಗಸುಗೂರಿಗೆ ಬಂದಾಗ ಎಲ್ಲಿ ಇಳಿದುಕೊಳ್ಳುತ್ತಾನೆ ಎಂದು ಅತ್ತಿ ಕೇಳಿದಳು. ಆ ಫೋಟೊದವನ ಮನೆಯಲ್ಲಿ ಎಂದರು ಸಾಹೇಬರು.

"ಹಂಗಾದ್ರ ವಿಲಾಯತಿನಿಂದನ ಬರ್ಲಿ. ಬರೋತನಕ ಅಂವಗ ಸುಳಿವು ಹತ್ತಬಾರದು. ಹಡಗ ಮುಳುಗಿದ್ರ ನನ್ನ ಪಾಟ್ಲಿ ಮುಳುಗತಾವು ಸಾಹೇಬ್ರ. ದಂಡಿಗೆ ಬಂತಂದ್ರ ಅಂವ ಮುಳುಗತಾನ."

ಬಿಳಿಜೋಳ ಬಿತ್ತುವ ಹೊತ್ತಿಗೆ ದುಡ್ಡು ಹೋಯಿತು. ಜೋಳ ಮೊಣಕಾಲುದ್ದ ಆಯಿತು, ತೆನೆ ಬಂತು, ರಾಶಿಯೂ ಆಯಿತು, ಪೆಟ್ಟಿಗೆಯ ಸುದ್ದಿಯಿಲ್ಲ. ಅವನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಚಿತ್ರ ಬಿಸಿಲಿಗೆ ಹಳದಿಯಾಗುತ್ತ ಹಾಗೇ ಇತ್ತು. ಅತ್ತಿ ದಿನಾ ಬೇಕೆಂದೇ ಆ ದಾರಿಯಲ್ಲಿ ದವಾಖಾನೆಗೆ ಹೋಗುತ್ತಿದ್ದಳು. ಸುತ್ತು ಹಾಕಿ ಹೋಗಬಾರದೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ನೋಡದಿದ್ದರೆ ಮರೆತೀನಿ ಎಂದಳು.

ಕೊನೆಗೆ ರಾಯಚೂರಿನಿಂದ ಕರೆ ಬಂತು. ಸುಂಕದವರು ನಮ್ಮೆದುರೇ ಪೆಟ್ಟಿಗೆ ಬಿಚ್ಚಿಸಿ, ಹೆಂಗಸಿಗೆ ಇದೇಕೆ ಎಂದು ಬಹಳ ಹೊತ್ತು ಕೂರಿಸಿ, ನಾವು ಎಣಿಸಿದ್ದಕ್ಕಿಂತ ಹೆಚ್ಚು ಸುಂಕ ಹೇರಿದರು. ಅತ್ತಿ ಕಿವಿಯ ಬೆಂಡೋಲೆ ಅಲ್ಲೇ ಪೇಟೆಯಲ್ಲಿ ಕೊಟ್ಟು ಬಂದು ಕಟ್ಟಿದಳು. ಮನೆಗೆ ತಂದು ನೋಡಿದರೆ ಹಿಂಬದಿಯ ಮಸಕು ಗಾಜು, ಚಿತ್ರ ಹೊಂದಿಸಿಕೊಳ್ಳಲು ನೋಡುವ ಗಾಜು, ಅಡ್ಡಕ್ಕೆ ಸೀಳಿತ್ತು. ಸಾಹೇಬರು ಪರೀಕ್ಷಿಸಿ, ಮುಂದಿನ ಮಸೂರ ಸರಿಯಿದೆ, ಸೀಳು ನೋಡುವವರಿಗೆ ಕಾಣುತ್ತದೆ ಹೊರತು ಚಿತ್ರದಲ್ಲಿ ಬರುವುದಿಲ್ಲ ಎಂದರು. ಅಂದು ಅತ್ತಿ ನಕ್ಕಳು.

ಸಾಹೇಬರ ಹತ್ತಿರ ಅವಳು ಬೇಗ ಕಲಿತಳು. ಆಮೇಲೆ ಹೆರಿಗೆಗೆ ಹೋದ ಮನೆಗಳಿಗೇ ಕ್ಯಾಮೆರಾ ಹೊತ್ತು ಹೋದಳು. ಗಂಡಸರ ಮುಂದೆ ಮುಖ ತೋರಿಸದ ಬೇಗಮರು, ದೇಸಾಯರ ಸೊಸೆಯಂದಿರು, ಬಾಣಂತಿಯರು ಅವಳೆದುರು ಕೂತರು. ಅವಳದು ಒಂದೇ ಮಾತು: ಚಿತ್ರದ ಜೊತೆ ಪ್ಲೇಟೂ ಮನೆಯವರಿಗೇ. ಯಾಕೆ ಹಾಗೆ ಎಂದು ಕೇಳಿದವರಿಗೆಲ್ಲ ನನ್ನ ಕತೆ ಹೇಳಿದಳು, ಏನೂ ಮುಚ್ಚಿಡಲಿಲ್ಲ. ಹೆಂಗಸರಿಂದ ಅದು ಗಂಡಸರ ಕಿವಿಗೆ ಹೋಯಿತು. ತಮ್ಮ ಮನೆಯವರ ಪ್ಲೇಟುಗಳು ಅವನ ಹತ್ತಿರ ಇವೆಯೆಂದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ಜನ ಅವನ ಅಂಗಡಿಗೆ ಹೋಗಿ ಪ್ಲೇಟು ಕೇಳತೊಡಗಿದರು. ಅತ್ತಿ ಬೆಲೆ ಇಳಿಸಿದಳು, ಇನ್ನೂ ಇಳಿಸಿದಳು. ಸಂತೆಯ ದಿನಗಳಲ್ಲಿ ಮಸ್ಕಿಗೂ ಸಿಂಧನೂರಿಗೂ ಮೋಟಾರಿನಲ್ಲಿ ಹೋಗಿ ಬಂದಳು. ಮಸ್ಕಿಯಲ್ಲಿ ಅಪ್ಪನ ಅಂಗಡಿಯ ಎದುರೇ ಕ್ಯಾಮೆರಾ ನಿಲ್ಲಿಸಿ, ನನ್ನನ್ನು ಪಕ್ಕದಲ್ಲಿ ತಲೆಯೆತ್ತಿ ನಿಲ್ಲು ಎಂದಳು. ನಿಂತೆ.

ಮರುವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಪ್ಲೇಟು. ಅತ್ತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಗಾಜಿನಲ್ಲಿ ನನ್ನ ಮುಖ ಕಪ್ಪಗೆ, ಹರಡಿದ ಕೂದಲು ಬೆಳ್ಳಗೆ ಇತ್ತು.

"ಹೆಂಗಸರ ಫೋಟೊ ನೀವ ತಗೋರಿ ನರ್ಸವ್ವಾರ," ಎಂದ ಅವನು. "ಗಂಡಸರದ್ದರ ನನಗ ಬಿಡ್ರಿ. ಮನ್ಯಾಗ ಸಣ್ಣ ಮಕ್ಕಳದಾವ."

"ಮಾರಿ ಇಕಿದು," ಎಂದಳು ಅತ್ತಿ. "ಇಕಿನ್ನ ಕೇಳು."

ಅವನು ನನ್ನ ಕಡೆ ತಿರುಗಿದ. ಅವತ್ತು ಕುರ್ಚಿಯಲ್ಲಿ ಕೂತಿದ್ದವನು ಈಗ ನಮ್ಮ ಹೊಸ್ತಿಲಾಚೆ ನಿಂತಿದ್ದ.

"ಏನೂ ಬಿಡೂದು ಬ್ಯಾಡ ಅತ್ತಿ," ಎಂದೆ.

ಅತ್ತಿ ಪ್ಲೇಟನ್ನು ಒರಳಿನ ಮೇಲೆ ಇಟ್ಟು ಗುಂಡಿನಿಂದ ಜಜ್ಜಿದಳು. ಅವನು ಹೋದ. ಮಳೆಗಾಲಕ್ಕೆ ಮೊದಲೇ ಸಂಸಾರ ಕಟ್ಟಿಕೊಂಡು ಊರು ಬಿಟ್ಟ. ಎಲ್ಲಿಗೆ ಹೋದನೋ ನಾನು ವಿಚಾರಿಸಲಿಲ್ಲ.

ಅವನು ಹೋದ ಮೇಲೆ ಅತ್ತಿ ಕ್ಯಾಮೆರಾ ಮುಟ್ಟಲಿಲ್ಲ. ಕೈ ಕುದುರಿತ್ತು, ಕರೆಯುವವರಿದ್ದರು. ಎಷ್ಟು ಹೇಳಿದರೂ, ಅದರ ಕೆಲಸ ಮುಗಿಯಿತು ಎಂದು ರಾಯಚೂರಿನ ಒಬ್ಬರಿಗೆ ಮಾರಿಬಿಟ್ಟಳು. ಕೆಲವು ವರ್ಷಗಳ ಮೇಲೆ ಸಿಂಧನೂರಿನ ಒಬ್ಬ ಮಾಸ್ತರರೊಡನೆ ನನ್ನ ಮದುವೆಯಾಯಿತು. ನನ್ನ ಕತೆ ಕೇಳಿಯೇ ಬಂದವರು ಅವರು. ಮೊದಲ ಬಾಣಂತನದಲ್ಲಿ ನಾನು ಸಿಂಧನೂರಿನಲ್ಲೇ ಇದ್ದಾಗ ಲಿಂಗಸುಗೂರಿನಲ್ಲಿ ಕಾಲರಾ ಬಂತು. ರೋಗಿಗಳನ್ನು ನೋಡುತ್ತಲೇ ಅತ್ತಿ ಹೋದಳು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಮಕ್ಕಳೊಂದಿಗನ ಹೊಟ್ಟೆಗೆ ಹೊಡೆದದ್ದಕ್ಕೆ ಹೀಗಾಯಿತು ಎಂದು ಅಪ್ಪ ಸಾಯುವವರೆಗೂ ಅನ್ನುತ್ತಿದ್ದರು. ಇಂದಿಗೂ ನಮ್ಮ ಕಡೆಯ ಕೆಲವರು ಅದನ್ನೇ ಅನ್ನುತ್ತಾರೆ. ವಯಸ್ಸಾದ ಹಾಗೆ ಸಿಟ್ಟು ಇಳಿಯುತ್ತದೆ ಎನ್ನುವುದನ್ನೂ ಕೇಳಿದ್ದೇನೆ. ನನ್ನದು ಇಳಿದಿಲ್ಲ. ಅವನು ಇವತ್ತು ಬಂದು ಕೇಳಿದರೂ ಅದೇ ಉತ್ತರ ಕೊಡುತ್ತೇನೆ. ನೋಯುವುದು ಬೇರೆ ಒಂದಕ್ಕೆ. ಆ ಮನೆಯಲ್ಲಿ ಅಷ್ಟು ದಿನ ಅವಳ ಪಕ್ಕದಲ್ಲೇ ಮಲಗಿ ಎದ್ದರೂ, "ಚಲೋ ಮಾಡಿದಿ ಅತ್ತಿ" ಎಂದು ನಾನು ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಬಾಣಂತನ ಮುಗಿಸಿ ಹೋದಾಗ ಹೇಳಿದರಾಯಿತು ಅಂದುಕೊಂಡಿದ್ದೆ.